ಸ್ಲೋ ಕುಕ್ಕರ್ ಸೂಪ್‌ಗೆ ಪಾಸ್ತಾ ಯಾವಾಗ ಹಾಕಬೇಕು?

ಓದುಗರ ಪ್ರಶ್ನೆ: ಮೇಡಂ, ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ತರಕಾರಿ, ನೆನೆಸಿದ ರಾಜ್ಮಾ, ಟೊಮ್ಯಾಟೊ, ಪಾಸ್ತಾ ಎಲ್ಲಾ ಸ್ಲೋ ಕುಕ್ಕರ್‌ಗೆ (ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಕರೆಂಟ್ ಪಾತ್ರೆ) ಹಾಕಿ ಲೋನಲ್ಲಿ, ಅಂದ್ರೆ ಕಡಿಮೆ ಬಿಸಿಯಲ್ಲಿ, ಇಟ್ಟು ಹೋಗ್ತೀನಿ. ಸಂಜೆ ಬಂದು ನೋಡಿದರೆ ಪಾಸ್ತಾ ಕರಗಿ ಹೋಗಿರುತ್ತೆ, ಸೂಪ್ ಅಂಟಂಟಾಗಿರುತ್ತೆ. ನೀರು ಇನ್ನೂ ಜಾಸ್ತಿ ಹಾಕಬೇಕಾ?

ನೀರಿನ ತಪ್ಪಲ್ಲ. ಪಾಸ್ತಾನ ಕೊನೆಗೆ ಹಾಕಿ. ಊಟಕ್ಕೆ ಅರ್ಧ ಗಂಟೆ ಇದೆ ಎನ್ನುವಾಗ ಕುಕ್ಕರನ್ನು ಹೈಗೆ ತಿರುಗಿಸಿ. ಗಾಜಿನ ಮುಚ್ಚಳದ ಒಳಗೆ, ಪಾತ್ರೆಯ ಅಂಚಿನ ಸುತ್ತ ಸಣ್ಣ ಸಣ್ಣ ಗುಳ್ಳೆ ಏಳುವುದು ಕಾಣಬೇಕು. ಆಗ ಪಾಸ್ತಾ ಹಾಕಿ, ಒಮ್ಮೆ ತಿರುವಿ, ಮುಚ್ಚಿ. ಇಪ್ಪತ್ತು ನಿಮಿಷಕ್ಕೆ ಒಂದು ತುಂಡು ಪಾಸ್ತಾ ತೆಗೆದು ಕಚ್ಚಿ ನೋಡಿ. ಗುಳ್ಳೆಯೇ ಏಳದ ಕುಕ್ಕರ್ ಆದರೆ ಪಾಸ್ತಾನ ಒಲೆ ಮೇಲೆ ಬೇರೆಯಾಗಿ ಬೇಯಿಸಿ ಬೆರೆಸಿ. ಉತ್ತರ ಇಷ್ಟೇ.

ಬೆಂಗಳೂರಿನಲ್ಲಿ ಚಳಿ ಶುರುವಾಗಿ ಜನ ಬೀರುವಿನಿಂದ ಸ್ವೆಟರ್ ಹೊರಗೆ ತೆಗೆಯುವ ಹೊತ್ತಿಗೆ ಈ ಪ್ರಶ್ನೆ ಬರುವುದಕ್ಕೆ ಶುರುವಾಗುತ್ತದೆ. ಪ್ರತಿ ಸಲ ನಾನು ಇದೇ ಉತ್ತರ ಕೊಡುತ್ತೇನೆ. ಪ್ರತಿ ಸಲ ತಿರುಗಿ ಬರುವ ಮಾತೂ ಒಂದೇ: "ಸ್ಲೋ ಕುಕ್ಕರ್ ಅಂದ್ರೆ ಎಲ್ಲಾ ಒಟ್ಟಿಗೆ ಹಾಕಿ ಮರೆತುಬಿಡೋದು ತಾನೇ? ನಿಧಾನವಾಗಿ ಬೆಂದಷ್ಟೂ ಚೆನ್ನಾಗಿ ಬೇಯುತ್ತೆ ಅಲ್ವಾ?"

ಅಲ್ಲ. ಈ ನಂಬಿಕೆಯನ್ನು ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ. ಪಾಸ್ತಾ ಹಾಳಾದರೆ ಒಂದು ಹೊತ್ತಿನ ಊಟ ಕೆಟ್ಟಿತು ಅಂತ ಬಿಡಬಹುದು. ಆದರೆ ಇದೇ ನಂಬಿಕೆಯಿಂದ ರಾಜ್ಮಾ ಹಾಕಿದವರು ರಾತ್ರಿಯೆಲ್ಲ ವಾಂತಿ ಮಾಡಿಕೊಂಡು ಒದ್ದಾಡಬೇಕಾಗುತ್ತದೆ.

ಹೊತ್ತು ಬೇರೆ, ಬಿಸಿ ಬೇರೆ. ಎಂಟು ಗಂಟೆ ಇಟ್ಟರೂ ಕುಕ್ಕರ್ ಎಷ್ಟು ಬಿಸಿ ಕೊಡಬಲ್ಲದೋ ಅಷ್ಟೇ ಕೊಡುತ್ತದೆ. ಮೂರೂವರೆ ಲೀಟರಿನ ಸಾಮಾನ್ಯ ಸ್ಲೋ ಕುಕ್ಕರ್ ಎಳೆಯುವುದು 200 ವ್ಯಾಟ್ ಆಸುಪಾಸು. ಅಡುಗೆಮನೆಯ ಇಂಡಕ್ಷನ್ ಒಲೆ 2000 ವ್ಯಾಟ್‌ವರೆಗೂ ಹೋಗುತ್ತದೆ. ಹಾಗಾಗಿ ತಣ್ಣೀರು ಹಾಕಿ ಲೋನಲ್ಲಿ ಇಟ್ಟರೆ ಒಳಗಿನ ಸಾರು ಚೆನ್ನಾಗಿ ಬಿಸಿಯಾಗುವುದಕ್ಕೇ ಗಂಟೆಗಟ್ಟಲೆ ಬೇಕು. ಕೆಲವು ಕುಕ್ಕರ್‌ಗಳಲ್ಲಿ ಲೋನಲ್ಲಿ ಕುದಿ ಬರುವುದೇ ಇಲ್ಲ. ನಮ್ಮ ಊರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಲೋನಲ್ಲಿಟ್ಟ ಸ್ಲೋ ಕುಕ್ಕರ್ ಹೆಚ್ಚಾಗಿ ಅದಕ್ಕಿಂತ ಕೆಳಗೆ ಇರುತ್ತದೆ ಅನ್ನುವುದನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ಮೊದಲು ಪಾಸ್ತಾ ನೋಡೋಣ. ಪಾಸ್ತಾದಲ್ಲಿ ಪಿಷ್ಟವಿದೆ, ಅದನ್ನು ಹಿಡಿದಿಡುವ ಗ್ಲುಟೆನ್ ಎಂಬ ಗೋಧಿಯ ಪ್ರೋಟೀನ್ ಇದೆ. ಜೋರಾಗಿ ಕುದಿಯುವ ನೀರಿಗೆ ಬಿದ್ದರೆ ಹೊರಪದರದ ಗ್ಲುಟೆನ್ ಬೇಗ ಗಟ್ಟಿಯಾಗಿ ಬಲೆಯ ಹಾಗೆ ಕೂರುತ್ತದೆ, ಪಿಷ್ಟ ಅದರೊಳಗೇ ಊದಿಕೊಂಡು ಬೇಯುತ್ತದೆ. ತಣ್ಣೀರಿನಲ್ಲಿ ನಿಧಾನವಾಗಿ ಬಿಸಿಯಾದರೆ ಆ ಬಲೆ ಗಟ್ಟಿಯಾಗುವ ಮೊದಲೇ ಪಿಷ್ಟ ಊದಿ ಸಾರಿಗೆ ಸೋರುತ್ತದೆ. ಕುದಿ ಬರುವ ಮೊದಲೇ ಶಾವಿಗೆ ಸುರಿದರೆ ಉಪ್ಪಿಟ್ಟು ಮುದ್ದೆಯಾಗುತ್ತದಲ್ಲ, ಇದೂ ಅದೇ. ಆಮೇಲೆ ಏಳೆಂಟು ಗಂಟೆ ಬಿಸಿಯಲ್ಲೇ ಕೂತರೆ ಉಳಿದದ್ದೂ ಕಳಚಿಕೊಳ್ಳುತ್ತದೆ. ಮ್ಯಾಕರೋನಿಯ ಕೊಳವೆ ಸೀಳಿ ಬಿಡಿಸಿಕೊಂಡಿರುತ್ತದೆ, ಸೌಟಿನಲ್ಲಿ ಎತ್ತಿದರೆ ತುಂಡಾಗುತ್ತದೆ. ಇದಕ್ಕೆ ನೀರು ಜಾಸ್ತಿ ಹಾಕಿದರೆ ಸಿಗುವುದು ತೆಳ್ಳಗಿನ ಗಂಜಿ, ಅಷ್ಟೇ.

"ಮೊದಲೇ ಹಾಕಿದರೆ ಪಾಸ್ತಾ ರುಚಿ ಹೀರಿಕೊಳ್ಳುತ್ತೆ" ಅನ್ನುವವರಿಗೂ ಹೇಳುತ್ತೇನೆ. ಉಪ್ಪು, ಬೆಳ್ಳುಳ್ಳಿ, ಟೊಮ್ಯಾಟೊ ಎಲ್ಲ ಚೆನ್ನಾಗಿ ಬಿಟ್ಟುಕೊಂಡ ಸಾರಿನಲ್ಲಿ ಇಪ್ಪತ್ತು ನಿಮಿಷ ಬೆಂದ ಪಾಸ್ತಾಗೆ ಬೇಕಾದಷ್ಟು ರುಚಿ ಬಂದಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಹಾಕಿದಾಗ ಅಲ್ಲಿ ಹೀರಲು ಇದ್ದದ್ದು ಬರೀ ನೀರು.

ಈಗ ರಾಜ್ಮಾ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಕೆಂಪು ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ಲೆಕ್ಟಿನ್, ಅಂದರೆ ಒಂದು ಬಗೆಯ ವಿಷಕಾರಿ ಪ್ರೋಟೀನ್, ಇರುತ್ತದೆ. ನಾಲ್ಕೈದು ಹಸಿ ಕಾಳು ಹೊಟ್ಟೆಗೆ ಹೋದರೂ ಸಾಕು, ಒಂದರಿಂದ ಮೂರು ಗಂಟೆಯಲ್ಲಿ ಜೋರು ವಾಂತಿ, ಆಮೇಲೆ ಭೇದಿ. ಚೆನ್ನಾಗಿ ಕುದಿಸಿದರೆ ಇದು ನಾಶವಾಗುತ್ತದೆ. ಕುದಿಯದೆ ಬರೀ ಬಿಸಿಯಲ್ಲಿ ಇದ್ದರೆ ಆಗುವುದಿಲ್ಲ. 80 ಡಿಗ್ರಿ ಆಸುಪಾಸಿನಲ್ಲಿ ಬೆಂದ ರಾಜ್ಮಾ ಪೂರ್ತಿ ಹಸಿ ಕಾಳಿಗಿಂತ ಐದು ಪಟ್ಟು ವಿಷಕಾರಿ ಆಗಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸುತ್ತದೆ. ನೆನೆಸಿದ ರಾಜ್ಮಾನ ನೇರವಾಗಿ ಸ್ಲೋ ಕುಕ್ಕರ್‌ಗೆ ಹಾಕಿ ಲೋನಲ್ಲಿ ಇಟ್ಟರೆ ಅದು ಗಂಟೆಗಟ್ಟಲೆ ಇರುವುದು ಇಂಥ ಬಿಸಿಯಲ್ಲೇ. ಕಾಳು ಮುಟ್ಟಿದರೆ ಮೆತ್ತಗೆ ಇರುತ್ತದೆ, ನೋಡಲು ಬೆಂದ ಹಾಗೇ ಕಾಣುತ್ತದೆ. ಅದಕ್ಕೇ ಜನ ಮೋಸ ಹೋಗುವುದು.

"ರಾತ್ರಿಯೆಲ್ಲ ನೆನೆಸಿರ್ತೀವಲ್ಲ" ಅಂತಾರೆ. ನೆನೆಸುವುದು ಬೇಕೇ ಬೇಕು, ಕಾಳು ಸಮನಾಗಿ ಬೇಯುತ್ತದೆ. ಆದರೆ ನೆನೆಸಿದ ಮಾತ್ರಕ್ಕೆ ವಿಷ ಹೋಗಲ್ಲ. "ನಮ್ಮನೇಲಿ ಯಾರಿಗೂ ಏನೂ ಆಗಿಲ್ಲ" ಅಂತಾರೆ. ಕೆಲವು ಕುಕ್ಕರ್‌ಗಳು ಹೈನಲ್ಲಿ ಚೆನ್ನಾಗಿ ಬಿಸಿಯಾಗುತ್ತವೆ, ಕೆಲವು ಆಗುವುದಿಲ್ಲ. ನಿಮ್ಮದು ಯಾವುದು ಅಂತ ಮಕ್ಕಳಿಗೆ ಬಡಿಸಿ ತಿಳಿದುಕೊಳ್ಳುವುದು ಬೇಡ. ಕಾಬೂಲ್ ಕಡಲೆ, ಹೆಸರುಕಾಳಿನ ಅನುಭವವನ್ನು ರಾಜ್ಮಾಗೆ ಅನ್ವಯಿಸಲೂಬೇಡಿ. ಬಿಳಿ ರಾಜ್ಮಾದಲ್ಲಿ ಈ ವಿಷ ಕೆಂಪಿನ ಮೂರನೇ ಒಂದು ಭಾಗದಷ್ಟು. ಕಡಿಮೆ ಹೌದು, ಇಲ್ಲವೇ ಇಲ್ಲ ಅಂತಲ್ಲ.

ಮಾಡಬೇಕಾದದ್ದು ಸುಲಭ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರು ಹಾಕಿ ಪ್ರೆಷರ್ ಕುಕ್ಕರ್‌ನಲ್ಲಿ ನಾಲ್ಕೈದು ಕೂಗು ಕೂಗಿಸಿ. ಒಳಗೆ 120 ಡಿಗ್ರಿ ಹತ್ತಿರ ಹೋಗುತ್ತದೆ, ಮತ್ತೆ ಚಿಂತೆಯಿಲ್ಲ. ಪ್ರೆಷರ್ ಕುಕ್ಕರ್ ಇಲ್ಲದವರು ಒಲೆ ಮೇಲೆ ತಳಮಳ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಬಿಡಿ. ಡಬ್ಬಿಯಲ್ಲಿ ಬರುವ ರಾಜ್ಮಾ ಬೆಂದೇ ಬರುತ್ತದೆ, ತೊಳೆದು ಹಾಕಿ. ನಿಮ್ಮಲ್ಲಿರುವುದು ಸ್ಲೋ ಕುಕ್ ಬಟನ್ ಇರುವ ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್ ಆದರೆ ಇನ್ನೂ ಒಳ್ಳೆಯದು: ಅದೇ ಪಾತ್ರೆಯಲ್ಲಿ ಮೊದಲು ಪ್ರೆಷರ್, ಆಮೇಲೆ ಸ್ಲೋ.

ರಾಜ್ಮಾ ಮೊದಲೇ ಬೇಯಿಸುವುದಕ್ಕೆ ಇನ್ನೊಂದು ಕಾರಣವಿದೆ. ಹುಣಸೆಹುಳಿ ಬಿದ್ದ ಮೇಲೆ ಬೇಳೆ ಬೇಯಲ್ಲ ಅಂತ ನಮ್ಮ ಅಮ್ಮಂದಿರು ಹೇಳಿದ್ದು ನೂರಕ್ಕೆ ನೂರು ಸರಿ. ಟೊಮ್ಯಾಟೊ ಹುಳಿಯೂ ಅದೇ ಕೆಲಸ ಮಾಡುತ್ತದೆ, ಕಾಳಿನ ಗೋಡೆ ಮೆತ್ತಗಾಗಲು ಬಿಡಲ್ಲ. ಬೋರ್‌ವೆಲ್ ನೀರಿನ ಗಡಸುತನವೂ ಹಾಗೇ. ಬಡಾವಣೆಗೆ ಕಾವೇರಿ ನೀರು ಬರದೆ ಟ್ಯಾಂಕರ್ ನೀರಲ್ಲಿ ಅಡುಗೆ ಮಾಡುವವರು ರಾಜ್ಮಾನ ಫಿಲ್ಟರ್ ನೀರಲ್ಲಿ ಬೇಯಿಸಿ ನೋಡಿ, ವ್ಯತ್ಯಾಸ ಕಾಣುತ್ತದೆ.

ಇನ್ನು ಸೂಪ್. ನಾಲ್ಕು ಜನಕ್ಕೆ ಒಂದು ಕಪ್ ರಾಜ್ಮಾ ನೆನೆಸಿ ಬೇಯಿಸಿಕೊಳ್ಳಿ. ಎರಡು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ. ಈ ಐದು ನಿಮಿಷ ಉಳಿಸಲು ಹೋಗಬೇಡಿ, ಸ್ಲೋ ಕುಕ್ಕರ್‌ನಲ್ಲಿ ಹಸಿ ಈರುಳ್ಳಿ ಕೆಂಪಗಾಗುವುದೇ ಇಲ್ಲ, ವಾಸನೆ ಉಳಿಯುತ್ತದೆ. ಎರಡು ಕ್ಯಾರೆಟ್, ಒಂದು ಆಲೂಗಡ್ಡೆ ಸಣ್ಣಗೆ ಹೆಚ್ಚಿ ತಳಕ್ಕೆ ಹಾಕಿ. ಗಡ್ಡೆಗಳು ಇದರಲ್ಲಿ ಎಲ್ಲಕ್ಕಿಂತ ತಡವಾಗಿ ಬೇಯುತ್ತವೆ. ಮೇಲೆ ಒಂದು ಹಿಡಿ ಬೀನ್ಸ್, ಅರ್ಧ ಕೆಜಿ ಹಣ್ಣಾದ ಟೊಮ್ಯಾಟೊ, ಬೆಂದ ರಾಜ್ಮಾ. ನಾಟಿ ಟೊಮ್ಯಾಟೊ ಹುಳಿ ಜಾಸ್ತಿ, ಅದಾದರೆ ಕಾಲು ಕೆಜಿ ಸಾಕು. ಸುಮಾರು ಒಂದೂಕಾಲು ಲೀಟರ್ ಬಿಸಿನೀರು, ಅದರಲ್ಲಿ ರಾಜ್ಮಾ ಬೇಯಿಸಿದ ನೀರೂ ಸೇರಲಿ. ಉಪ್ಪು, ಕುಟ್ಟಿದ ಮೆಣಸು, ಒರೆಗಾನೊ. ಪಾತ್ರೆ ಮುಕ್ಕಾಲು ದಾಟಬಾರದು. ಹೈನಲ್ಲಿ ಮೂರರಿಂದ ನಾಲ್ಕು ಗಂಟೆ, ಲೋನಲ್ಲಿ ಆರರಿಂದ ಎಂಟು. ಸುಮ್ನೆ ಸುಮ್ನೆ ಮುಚ್ಚಳ ತೆಗೆಯಬೇಡಿ, ಹೋದ ಬಿಸಿ ವಾಪಸ್ ಬರಲು ತುಂಬಾ ಹೊತ್ತು ಹಿಡಿಯುತ್ತದೆ.

ಪಾಸ್ತಾ ಒಂದು ಕಪ್, ಅಂದರೆ ಸುಮಾರು 100 ಗ್ರಾಂ. ಒಣಗಿದಾಗ ಕಮ್ಮಿ ಅನ್ನಿಸುತ್ತದೆ, ಸಾಕಾಗುತ್ತದೆ. ಸೂಪ್‌ಗೆ ಚಮಚದಲ್ಲಿ ಕೂರುವ ಸಣ್ಣ ಮ್ಯಾಕರೋನಿ ಅಥವಾ ಶಂಖದ ಆಕಾರದ್ದು ಒಳ್ಳೆಯದು. ಪೊಟ್ಟಣ ತಿರುಗಿಸಿ ಓದಿ: ಡ್ಯೂರಮ್ ಗೋಧಿಯ ರವೆಯದ್ದು ಗಟ್ಟಿಯಾಗಿ ನಿಲ್ಲುತ್ತದೆ, ಮೈದಾದ್ದು ಬೇಗ ಮೆತ್ತಗಾಗುತ್ತದೆ. ನಾಳೆಗೂ ಸೂಪ್ ಉಳಿಯಬೇಕು ಅಂದರೆ ಪಾಸ್ತಾನ ಬೇರೆ ಬೇಯಿಸಿ, ತಿನ್ನುವಾಗ ಬಟ್ಟಲಿಗೆ ಹಾಕಿ ಮೇಲೆ ಸೂಪ್ ಸುರಿಯಿರಿ. ಫ್ರಿಜ್‌ನಲ್ಲಿಟ್ಟ ಸೂಪ್‌ನಲ್ಲೂ ಪಾಸ್ತಾ ನೀರು ಹೀರುತ್ತಲೇ ಇರುತ್ತದೆ. ಟೈಮರ್ ಮುಗಿದು ಕುಕ್ಕರ್ ತಾನಾಗಿ ವಾರ್ಮ್‌ಗೆ (ಬರೀ ಬೆಚ್ಚಗಿಡುವ ಹಂತಕ್ಕೆ) ಹೋಗುತ್ತದಲ್ಲ, ಅಲ್ಲೂ ಅಷ್ಟೇ.

ಕರೆಂಟ್ ವಿಷಯ ಒಂದೇ ಮಾತು. ನೀವು ಮನೆಯಲ್ಲಿಲ್ಲದಾಗ ಅಡುಗೆಯ ಮಧ್ಯೆ ಕರೆಂಟ್ ಹೋಗಿತ್ತು, ಎಷ್ಟು ಹೊತ್ತು ಅಂತ ಗೊತ್ತಿಲ್ಲ ಅಂದರೆ ಆ ಸೂಪ್ ಚೆಲ್ಲಿ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಮತ್ತೆ ಕುದಿಸಿದರೆ ಆಯ್ತು ಅನ್ನಬೇಡಿ, ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗಲ್ಲ.

ರಾಜ್ಮಾ ಇಷ್ಟು ತಾಪತ್ರಯ ಅಂದ ಮೇಲೆ ರಾಜ್ಮಾನೇ ಯಾಕೆ? ಇದನ್ನು ಯಾರೂ ಕೇಳಿಲ್ಲ, ಕೇಳಬೇಕಿತ್ತು. ಪಾಸ್ತಾ ಸೂಪ್‌ಗೆ ಇಟಲಿಯ ಕಾಳೇ ಬೇಕು ಅನ್ನುವ ಒಂದು ಹಟ ನಮ್ಮಲ್ಲಿದೆ. ರಾಜ್ಮಾ ಅಮೆರಿಕ ಖಂಡದ ಕಾಳು, ಟೊಮ್ಯಾಟೊ ಕೂಡ ಅಲ್ಲಿಯದೇ. 1492ರಲ್ಲಿ ಕೊಲಂಬಸ್ ಅತ್ತ ಹೋಗುವ ಮೊದಲು ಇಟಲಿಯ ಅಡುಗೆಮನೆಯಲ್ಲಿ ಎರಡೂ ಇರಲಿಲ್ಲ. ಅಲಸಂದೆ ಇತ್ತು. ಅಲಸಂದೆ ನಮ್ಮ ಪ್ರತಿ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಬೇಗ ಬೇಯುತ್ತದೆ, ಈ ಸೂಪ್‌ಗೆ ತುಂಬಾ ಹೊಂದುತ್ತದೆ. ಅದನ್ನೂ ಎರಡು ಕೂಗು ಕೂಗಿಸಿಯೇ ಹಾಕಿ.

ಡಿಸೆಂಬರ್, ಜನವರಿ ಆದರೆ ನನ್ನ ಮನೆಯಲ್ಲಿ ಅಲಸಂದೆಯೂ ಇಲ್ಲ, ಅವರೆಕಾಳೇ. ಬೆಂಗಳೂರಿನ ತಿಂಡಿ ಬೀದಿಗೆ ಹೆಸರಾದ ವಿ.ವಿ. ಪುರಂನಲ್ಲಿ ಅವರೆಬೇಳೆಯಲ್ಲಿ ದೋಸೆಯಿಂದ ಸಿಹಿವರೆಗೆ ಏನೆಲ್ಲ ಮಾಡುತ್ತಾರೆ, ಸೂಪ್‌ಗೆ ಯಾಕೆ ಬೇಡ? ಬಿಡಿಸಿದ ಕಾಳನ್ನು ರಾತ್ರಿ ನೀರಲ್ಲಿ ಹಾಕಿಟ್ಟು ಬೆಳಿಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಹಿಚುಕಿದರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಪಟಕ್ಕನೆ ಹಾರುತ್ತದೆ. ಈ ಹಿತಕಿದ ಬೇಳೆಯನ್ನು ಬೆಳಿಗ್ಗೆಯೇ ಸ್ಲೋ ಕುಕ್ಕರ್‌ಗೆ ಹಾಕಬೇಡಿ, ಸಂಜೆ ಹೊತ್ತಿಗೆ ಕರಗಿರುತ್ತದೆ. ಒಲೆ ಮೇಲೆ ಉಪ್ಪು ನೀರಲ್ಲಿ ಹದವಾಗಿ ಕುದಿಸಿಟ್ಟುಕೊಂಡು ಪಾಸ್ತಾ ಜೊತೆಗೆ ಹಾಕಿ. ಸಿಪ್ಪೆ ಸಮೇತ ಹಸಿ ಅವರೆಕಾಳಾದರೆ ಒಂದು ಕೂಗು ಕೂಗಿಸಿ ತರಕಾರಿ ಜೊತೆ ಹಾಕಬಹುದು. ಒಣ ಅವರೆಗೂ ರಾಜ್ಮಾ ನಿಯಮವೇ: ನೆನೆಸಿ, ಕುದಿಸಿ. ಆದರೆ ಕುದಿಸಿದ ನೀರನ್ನೂ ಚೆಲ್ಲಿ.

ಅವರೆ ಹಾಕುವ ದಿನ ಒರೆಗಾನೊ ಬಿಟ್ಟುಬಿಡಿ, ಅವರೆಯ ಸೊಗಡನ್ನೇ ಮುಚ್ಚಿಹಾಕುತ್ತದೆ. ಟೊಮ್ಯಾಟೊ ಅರ್ಧ ಮಾಡಿ. ಮೆಣಸು ಸ್ವಲ್ಪ ಮುಂದಿರಲಿ. ಕುಕ್ಕರ್ ಆಫ್ ಮಾಡಿದ ಮೇಲೆ ಒಂದು ಹಿಡಿ ಸಬ್ಬಸಿಗೆ ಸೊಪ್ಪು ಹೆಚ್ಚಿ ಹಾಕಿ, ನಿಂಬೆರಸ ಹಿಂಡಿ, ಐದು ನಿಮಿಷ ಮುಚ್ಚಿಟ್ಟು ಬಡಿಸಿ.