ಹಾಯಿದೋಣಿಯ ಟ್ರೇಲರ್: ಪೈಂಟಿನ ಮಾತು ಆಮೇಲೆ

ಯಾರಾದರೂ ಹಳೆಯ ಹಾಯಿದೋಣಿಯನ್ನು ಅಗ್ಗಕ್ಕೆ ಕೊಟ್ಟರೆ ಅದರ ಅಡಿಯಲ್ಲಿ ತುಕ್ಕು ಹಿಡಿದ ಟ್ರೇಲರೊಂದು ಇದ್ದೇ ಇರುತ್ತದೆ. ಮಂಗಳೂರು ಬೈಕಂಪಾಡಿಯ ನಮ್ಮ ಶೆಡ್ಡಿಗೆ ಅದನ್ನು ತಂದವರು ಮೊದಲು ಕೇಳುವುದು, "ಇದಕ್ಕೆ ಪೈಂಟ್ ಹೊಡೆಸಿದರೆ ಎಷ್ಟಾದೀತು?" ನಾನು ತಿರುಗಿ ಕೇಳುವುದು, "ಆರ್‌ಸಿ ಉಂಟಾ?" ಹೆಚ್ಚಿನವರು ಮುಖ ಮುಖ ನೋಡುತ್ತಾರೆ. ಇಂಜಿನ್ ಇಲ್ಲದ, ಎರಡೇ ಚಕ್ರದ ಕಬ್ಬಿಣದ ಚೌಕಟ್ಟಿಗೆ ಎಂಥ ಆರ್‌ಸಿ ಮಾರಾಯ್ರೆ ಎಂದು ಆ ನೋಟದ ಅರ್ಥ.

ಕಾನೂನಿನಲ್ಲಿ ಸಂಶಯಕ್ಕೆ ಜಾಗವಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಮೋಟಾರು ವಾಹನ ಎಂದರೆ ಏನೆಂದು ಹೇಳುವಾಗ ಟ್ರೇಲರನ್ನೂ ಅದರೊಳಗೇ ಸೇರಿಸಿದೆ. 39ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದ ವಾಹನ ರಸ್ತೆಗೆ ಇಳಿಯುವಂತಿಲ್ಲ. ಈ ನಿಯಮಗಳೆಲ್ಲ ಟ್ರೇಲರಿಗೂ ಅನ್ವಯ ಎಂದು 61ನೇ ಸೆಕ್ಷನ್ ಪ್ರತ್ಯೇಕವಾಗಿ ಹೇಳುತ್ತದೆ. ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 5,000 ರೂಪಾಯಿ ತನಕ ದಂಡ. ದಂಡವಾದರೂ ಕಟ್ಟಿ ಮುಗಿಸಬಹುದು. ನೋಂದಣಿಯೂ ವಿಮೆಯೂ ಇಲ್ಲದ ಟ್ರೇಲರ್ ಕಳಚಿಕೊಂಡು ಎದುರಿನ ಸ್ಕೂಟರಿಗೆ ಬಡಿದರೆ ಪರಿಹಾರ ನಿಮ್ಮ ಕಿಸೆಯಿಂದಲೇ ಹೋಗಬೇಕು, ಅದಕ್ಕೆ ಮಿತಿಯೇ ಇಲ್ಲ.

ಹಾಗಾಗಿ ಕಡಿಮೆ ಖರ್ಚಿನಲ್ಲಿ ಮುಗಿಸಬೇಕು ಎನ್ನುವವರಿಗೆ ನನ್ನ ಲೆಕ್ಕ ಸ್ವಲ್ಪ ತಲೆಕೆಳಗಾಗಿ ಕಾಣಬಹುದು. ಕಬ್ಬಿಣ ಎಷ್ಟೇ ಕೆಟ್ಟಿರಲಿ, ಕಾಗದ ಸರಿಯಿರುವ ಟ್ರೇಲರ್ ಕೊಳ್ಳಿ. ಕಬ್ಬಿಣ ಚೆನ್ನಾಗಿದ್ದು ಕಾಗದ ಇಲ್ಲದ್ದನ್ನು ಬಿಟ್ಟಿ ಕೊಟ್ಟರೂ ಬೇಡ ಎನ್ನಿ. ಮೊದಲನೆಯದನ್ನು ವೆಲ್ಡರ್ ಸರಿಮಾಡಬಲ್ಲ, ಎರಡನೆಯದನ್ನು ಯಾರೂ ಮಾಡಲಾರರು.

"ನೀವೇ ಒಂದು ಹೊಸತು ಮಾಡಿಕೊಡಿ, ಆಮೇಲೆ ರಿಜಿಸ್ಟರ್ ಮಾಡಿಸುವ" ಎನ್ನುವವರೂ ಇದ್ದಾರೆ. ಚೌಕಟ್ಟು ಬೆಸೆಯುವುದು ದೊಡ್ಡ ಕೆಲಸವಲ್ಲ. ಹೊಸ ವಾಹನದ ನೋಂದಣಿಗೆ ಫಾರ್ಮ್ 20ರ ಅರ್ಜಿಯ ಜೊತೆ ಫಾರ್ಮ್ 21ರಲ್ಲಿ ಮಾರಾಟದ ಪ್ರಮಾಣಪತ್ರ, ಫಾರ್ಮ್ 22ರಲ್ಲಿ ತಯಾರಕರ ರಸ್ತೆಯೋಗ್ಯತಾ ಪ್ರಮಾಣಪತ್ರ ಬೇಕು. ಫಾರ್ಮ್ 22 ಕೊಡಬೇಕಾದವರು ತಮ್ಮ ಮಾದರಿಯನ್ನು ಅಧಿಕೃತ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷಿಸಿ ಒಪ್ಪಿಗೆ ಪಡೆದಿರಬೇಕು. ಒಂದೇ ಒಂದು ಟ್ರೇಲರಿಗಾಗಿ ಆ ದಾರಿ ಹಿಡಿದರೆ ದೋಣಿಯ ಬೆಲೆಗಿಂತ ಪರೀಕ್ಷೆಯ ಖರ್ಚೇ ಹೆಚ್ಚಾದೀತು. ಹೊಸತೇ ಬೇಕಿದ್ದರೆ ಒಪ್ಪಿಗೆ ಪಡೆದ ತಯಾರಕರಿಂದಲೇ ಕೊಳ್ಳಿ. ಹಾಯಿದೋಣಿಗೆ ಬೇಕಾದ್ದು ಚಿಕ್ಕದು: ಎಂಟರ್‌ಪ್ರೈಸ್ ಎಂಬ ಮಾದರಿಯ ದೋಣಿಯ ಹೊಟ್ಟೆ, ಅಂದರೆ ಬರಿಯ ಒಡಲು, ನೂರು ಕಿಲೋ ಒಳಗೆ, ಹೋಬಿ 16 ಎಂಬ ಜೋಡಿ ಒಡಲಿನ ದೋಣಿ ಸುಮಾರು 145 ಕಿಲೋ. ಒಟ್ಟು ತೂಕ 750 ಕಿಲೋ ಮೀರದ ಟಿ1 ವರ್ಗದ ಟ್ರೇಲರ್ ಧಾರಾಳವಾಯಿತು.

ಹಳೆಯದನ್ನು ಕೊಳ್ಳುವುದಾದರೆ ಹಣ ಕೈಬದಲಾಗುವ ಮೊದಲೇ ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಟ್ರೇಲರಿನ ಮೇಲೆ ಹುಡುಕಿ. ಸಾಮಾನ್ಯವಾಗಿ ಮುಂದಿನ ದಂಡಿನ, ಅಂದರೆ ಕಾರಿಗೆ ಸಿಕ್ಕಿಸುವ ಉದ್ದ ಪೈಪಿನ, ಬಲಬದಿಗೆ ಕೊರೆದಿರುತ್ತಾರೆ. ಉಪ್ಪುಗಾಳಿ ಮೊದಲು ತಿನ್ನುವುದೂ ಅಲ್ಲಿಯೇ. ವೈರ್ ಬ್ರಷ್ ಹಿಡಿದು ಹಗುರವಾಗಿ ಉಜ್ಜಿ, ಸೀಮೆಸುಣ್ಣ ಹಚ್ಚಿ ಒರೆಸಿದರೆ ಅಕ್ಷರ ಏಳುತ್ತದೆ. ಗ್ರೈಂಡರ್ ಮಾತ್ರ ಅದರ ಹತ್ತಿರ ಸುಳಿಯಬಾರದು. ಅಕ್ಷರ ಅಳಿಸಿಯೇ ಹೋಗಿದ್ದರೆ ಆರ್‌ಟಿಒ ಅನುಮತಿಯಿಲ್ಲದೆ ಹೊಸದಾಗಿ ಕೊರೆಸುವ ಸಾಹಸ ಬೇಡ. ಕದ್ದ ವಾಹನಕ್ಕೂ ಅದಕ್ಕೂ ಪೊಲೀಸರ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನಗಳೊಳಗೆ ತಿಳಿಸಬೇಕು, ಕೊಂಡವರು 30 ದಿನಗಳೊಳಗೆ. ಗೋವಾದಿಂದಲೋ ಕೇರಳದಿಂದಲೋ ಬಂದದ್ದಾದರೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಫಾರ್ಮ್ 28, ಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಯೇ ಇಟ್ಟುಕೊಳ್ಳುವುದಾದರೆ ಮಂಗಳೂರಿನ ಕೆಎ-19 ಅಥವಾ ಉಡುಪಿಯ ಕೆಎ-20ರ ಹೊಸ ಸಂಖ್ಯೆ ಮಾಡಿಸಿಕೊಳ್ಳಬೇಕು. ನೋಂದಣಿಯಾಗಿ 15 ವರ್ಷ ದಾಟಿದ್ದರೆ ಫಾರ್ಮ್ 25ರಲ್ಲಿ ನವೀಕರಣ. ಅದಕ್ಕೆ ಟ್ರೇಲರನ್ನು ತಪಾಸಣೆಗೆ ಒಯ್ಯಬೇಕು. ಆದ್ದರಿಂದ ದುರಸ್ತಿ ಮೊದಲು, ತಪಾಸಣೆ ಆಮೇಲೆ. ದುರಸ್ತಿಯ ನೆಪದಲ್ಲಿ ಉದ್ದ, ಆಕ್ಸಲ್ ಸಂಖ್ಯೆ ಬದಲಿಸಬೇಡಿ. ಆರ್‌ಸಿಯ ವಿವರಕ್ಕೂ ಕಣ್ಣಿಗೆ ಕಾಣುವುದಕ್ಕೂ ತಾಳೆಯಾಗದಿದ್ದರೆ ವಾಹನದ ಮಾರ್ಪಾಡನ್ನು ತಡೆಯುವ 52ನೇ ಸೆಕ್ಷನ್ ಎದುರಿಗೆ ಬರುತ್ತದೆ.

ಇಷ್ಟೆಲ್ಲ ಕೇಳಿ ಉತ್ಸಾಹ ಇಳಿದವರಿಗೆ ಇನ್ನೊಂದು ಲೆಕ್ಕ ಕೊಡುತ್ತೇನೆ, ನನ್ನ ವ್ಯಾಪಾರಕ್ಕೆ ಒಳ್ಳೆಯದಲ್ಲದಿದ್ದರೂ. ದೋಣಿ ವರ್ಷಕ್ಕೆ ಎರಡು ಸಲ ಮಾತ್ರ ಊರು ಬದಲಿಸುತ್ತದೆ, ಉಳಿದಂತೆ ಸಸಿಹಿತ್ಲಿನಲ್ಲೋ ಕೋಡಿಬೆಂಗ್ರೆಯಲ್ಲೋ ತೆಂಗಿನ ನೆರಳಲ್ಲಿ ಇರುತ್ತದೆ ಎಂದಾದರೆ ನಿಮಗೆ ರಸ್ತೆಯ ಟ್ರೇಲರೇ ಬೇಡ. 14 ಅಡಿಯ ಲಾರಿ ಬಾಡಿಗೆಗೆ ಹಿಡಿಯಿರಿ. 4.04 ಮೀಟರ್ ಉದ್ದದ ಎಂಟರ್‌ಪ್ರೈಸ್ ಅದರೊಳಗೆ ನೇರವಾಗಿ ಕೂರುತ್ತದೆ. ಪುಟ್ಟ ಟೆಂಪೋದಲ್ಲಿ ಅರ್ಧ ದೋಣಿ ಹಿಂದಕ್ಕೆ ಚಾಚಿಸಿ ಒಯ್ಯುವ ಆಸೆ ಬೇಡ. ಸರಕು ಮಿತಿ ಮೀರಿ ಹೊರಚಾಚಿದರೆ 2019ರ ತಿದ್ದುಪಡಿಯ ಬಳಿಕ ದಂಡ 20,000 ರೂಪಾಯಿ.

ಇನ್ನು ಕಬ್ಬಿಣ.

ನಮ್ಮ ಕರಾವಳಿಯ ಟ್ರೇಲರ್ ಹೊರಗಿನಿಂದ ಸಾಯುವುದಕ್ಕಿಂತ ಒಳಗಿನಿಂದ ಸಾಯುವುದೇ ಹೆಚ್ಚು. ಚೌಕ ಪೈಪಿನೊಳಗೆ ಹೊಕ್ಕ ಉಪ್ಪುನೀರು ಹೊರಬರಲು ದಾರಿ ಕಾಣದೆ ತಳದಲ್ಲಿ ನಿಂತು ತಿನ್ನುತ್ತದೆ, ಮೇಲಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಚಿಕ್ಕ ಸುತ್ತಿಗೆ ಹಿಡಿದು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಪೈಪು ಹಲಸಿನಕಾಯಿಯ ಹಾಗೆ ಠಣ್ ಎನ್ನುತ್ತದೆ, ಕೊಳೆತದ್ದು ಹಣ್ಣಿನ ಹಾಗೆ ಮಂದವಾಗಿ. ಆಕ್ಸಲ್ ಕೂರುವ ಜಾಗ, ಸ್ಪ್ರಿಂಗಿನ ಕಿವಿಗಳು, ಮುಂದಿನ ದಂಡು ಚೌಕಟ್ಟನ್ನು ಸೇರುವ ಮೂಲೆ, ಈ ಮೂರು ಕಡೆ ಸುತ್ತಿಗೆ ಒಳಹೋದರೆ ಆ ತುಂಡನ್ನು ಕತ್ತರಿಸಿ ಹೊಸತು ಹಾಕಿ. ಮೇಲಿಂದ ಪಟ್ಟಿ ಇಟ್ಟು ಬೆಸೆದರೆ ನಡುವೆ ನೀರು ನಿಲ್ಲಲು ಇನ್ನೊಂದು ಮನೆ ಕಟ್ಟಿಕೊಟ್ಟಂತೆ. ಗ್ಯಾಲ್ವನೈಸ್ ಆಗಿದ್ದ, ಅಂದರೆ ಸತುವಿನ ಲೇಪವಿದ್ದ, ಚೌಕಟ್ಟಿಗೆ ಬೆಸುಗೆ ಹಾಕುವ ಮೊದಲು ಆ ಜಾಗದ ಸತುವನ್ನು ಉಜ್ಜಿ ತೆಗೆಯಬೇಕು. ಸತುವಿನ ಹೊಗೆ ಕುಡಿದ ವೆಲ್ಡರಿಗೆ ಸಂಜೆ ಚಳಿಜ್ವರ ಬರುತ್ತದೆ.

ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಮಾಡಿಸಬೇಕೇ? ಚೌಕಟ್ಟು ಗಟ್ಟಿಯಿದ್ದರೆ ಖಂಡಿತ. ದರ ಕಿಲೋ ಲೆಕ್ಕದಲ್ಲಿ, ಹಗುರ ಟ್ರೇಲರಿಗೆ ಅದು ಭಾರವಾಗುವುದಿಲ್ಲ. ಸುಮಾರು 450 ಡಿಗ್ರಿ ಸೆಲ್ಸಿಯಸ್‌ನ ಸತುವಿನಲ್ಲಿ ಮುಳುಗಿಸಿದಾಗ ಪೈಪಿನ ಒಳಮೈಗೂ ಲೇಪವಾಗುತ್ತದೆ. ಬ್ರಷ್ಷಿಗೆ ಅದು ಸಾಧ್ಯವಿಲ್ಲ. ಪ್ರತಿ ಪೈಪಿನ ಎರಡೂ ತುದಿಗೆ ತೂತು ಕೊರೆದೇ ಕಳಿಸಿ. ಮುಚ್ಚಿದ ಪೈಪಿನಲ್ಲಿ ಸಿಕ್ಕಿಕೊಂಡ ತೇವ ಆವಿಯಾಗಿ ಸಿಡಿದರೆ ತೊಟ್ಟಿಯ ಬಳಿ ನಿಂತವರ ಜೀವಕ್ಕೇ ಅಪಾಯ. ಆಮೇಲೆ ಅದೇ ತೂತುಗಳು ನೀರು ಬಸಿಯಲು ಆಗುತ್ತವೆ. ಚಾಸಿ ನಂಬರಿನ ಮೇಲೆ ಸತು ಕೂತು ಅಕ್ಷರ ತುಂಬಿಹೋಗದಂತೆ ಶಾಖ ತಡೆಯುವ ಲೇಪ ಹಚ್ಚಲು ಮೊದಲೇ ಹೇಳಿ, ಕಳಿಸುವ ಮುನ್ನ ಫೋಟೋವನ್ನೂ ತೆಗೆದಿಡಿ.

ಗ್ಯಾಲ್ವನೈಸಿಂಗ್ ಬೇಡವೆಂದಾದರೆ ಸತು ತುಂಬಿದ ಪ್ರೈಮರ್, ಮೇಲೆ ಎಪಾಕ್ಸಿ ಪೈಂಟ್. ಇಲ್ಲಿ ಹೆಚ್ಚಿನವರು ದುಡ್ಡು ಹಾಳುಮಾಡುವುದು ಜೂನ್ ತಿಂಗಳಿನಲ್ಲಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ದಕ್ಕೆಯಲ್ಲಿ ಬೋಟುಗಳೆಲ್ಲ ರಿಪೇರಿಗೆ ನಿಂತಿರುತ್ತವೆ, ತಾವೂ ಅದೇ ಹೊತ್ತಿಗೆ ಟ್ರೇಲರಿಗೆ ಬಣ್ಣ ಹೊಡೆಸಿಬಿಡುವ ಎಂದು ಹೊರಡುತ್ತಾರೆ. ಗಾಳಿಯ ತೇವ ಶೇ 85 ದಾಟಿದ ದಿನ ಬಳಿದ ಪೈಂಟ್ ಕಬ್ಬಿಣವನ್ನು ಸರಿಯಾಗಿ ಹಿಡಿಯುವುದಿಲ್ಲ, ನಮ್ಮ ಮಳೆಗಾಲದಲ್ಲಿ ಅದಕ್ಕಿಂತ ಒಣಗಿದ ದಿನ ಸಿಗುವುದು ಅಪರೂಪ. ಮಳೆಗಾಲದಲ್ಲಿ ಬೇರಿಂಗ್, ಸ್ಪ್ರಿಂಗ್, ಕಾಗದಪತ್ರದ ಕೆಲಸ ಮುಗಿಸಿ. ಬಣ್ಣ ನವರಾತ್ರಿ ಕಳೆದ ಮೇಲೆ. ಉಜ್ಜಿದ ಕಬ್ಬಿಣವನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಅದೇ ದಿನ ಪ್ರೈಮರ್ ಹಚ್ಚಬೇಕು. ತುಕ್ಕು ಕಣ್ಣಿಗೆ ಕಾಣುತ್ತದೆ, ಉಪ್ಪು ಕಾಣುವುದಿಲ್ಲ. ಉಪ್ಪಿನ ಮೇಲೆ ಬಳಿದ ಬಣ್ಣ ಒಂದು ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ.

ಬಣ್ಣಕ್ಕೆ ದುಡ್ಡು ಸಾಲದಿದ್ದರೂ ಚಿಂತೆಯಿಲ್ಲ. ಸಾಲದೆ ಬರಬಾರದ್ದು ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ, ಮತ್ತು ಟಯರಿಗೆ.

ದಾರಿಬದಿಯಲ್ಲಿ ಚಕ್ರ ಕಳಚಿ ನಿಂತ ದೋಣಿ ಟ್ರೇಲರುಗಳ ಕಥೆ ಹೆಚ್ಚುಕಡಿಮೆ ಒಂದೇ. ಹತ್ತಾರು ಕಿಲೋಮೀಟರ್ ಓಡಿ ಬಿಸಿಯಾದ ಹಬ್ಬನ್ನು ನೇರ ಹೊಳೆಗೆ ಇಳಿಸುತ್ತಾರೆ. ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ, ಸೀಲಿನ ಸಂದಿನಿಂದ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ. ಗ್ರೀಸ್ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗ್ ಸದ್ದಿಲ್ಲದೆ ತುಕ್ಕು ಹಿಡಿಯುತ್ತದೆ. ಮುಂದಿನ ಪ್ರಯಾಣದಲ್ಲಿ ಹಿಡಿದುಕೊಳ್ಳುತ್ತದೆ. ನೀರು ತಡೆಯುವ ಮೆರೈನ್ ಗ್ರೀಸ್, ಹೊಸ ಸೀಲ್, ಇಳಿಸುವ ಮೊದಲು ಅರ್ಧ ಗಂಟೆ ತಣಿಸುವುದು, ಇವೆಲ್ಲ ಸಹಾಯಕ್ಕೆ ಬರುತ್ತವೆ. ಆದರೆ ಹಗುರ ಹಾಯಿದೋಣಿಗೆ ಇದಕ್ಕಿಂತ ಒಳ್ಳೆಯ ದಾರಿ ಉಂಟು: ರಸ್ತೆಯ ಟ್ರೇಲರನ್ನು ನೀರಿಗೆ ಇಳಿಸುವುದೇ ಬೇಡ. ಅದರ ಮೇಲೆ ದಪ್ಪ ಚಕ್ರದ ಪುಟ್ಟ ಕೈಗಾಡಿ ಕೂರಿಸಿ, ದೋಣಿ ಅದರ ಮೇಲೆ. ದಡಕ್ಕೆ ಬಂದ ಮೇಲೆ ಕೈಗಾಡಿಯನ್ನು ಜಾರಿಸಿ ನೀರಿಗೆ ಒಯ್ಯಿರಿ, ಟ್ರೇಲರ್ ಒಣನೆಲದಲ್ಲೇ ಉಳಿಯಲಿ. ಕೈಗಾಡಿಗೆ ಪ್ಲಾಸ್ಟಿಕ್ ಬುಷ್ ಸಾಕು, ಬೇರಿಂಗೇ ಬೇಡ. ಅದನ್ನು ಮನುಷ್ಯರು ಕೈಯಲ್ಲಿ ತಳ್ಳುವುದರಿಂದ ನೋಂದಣಿಯೂ ಇಲ್ಲ. ತಣ್ಣೀರುಬಾವಿಯ ಮರಳಿನಲ್ಲಿ ರಸ್ತೆ ಟ್ರೇಲರ್ ಹೂತುಕೊಳ್ಳುವ ಫಜೀತಿಯೂ ತಪ್ಪುತ್ತದೆ. ಬೆಸೆದುಕೊಳ್ಳುವ ಆಸೆ ಇರುವವರು ಧೈರ್ಯವಾಗಿ ಬೆಸೆಯಬಹುದಾದ ಗಾಡಿ ಇದೇ.

ಬೇರಿಂಗ್ ಬದಲಿಸಲು ಹೊರದೇಶದ ಭಾಗಗಳನ್ನು ತರಿಸಬೇಕಿಲ್ಲ. ಹಳೆಯದರ ಅಂಚಿನಲ್ಲಿ ಕೊರೆದ ಸಂಖ್ಯೆ ಓದಿ ಹೇಳಿದರೆ ಪೇಟೆಯ ಬೇರಿಂಗ್ ಅಂಗಡಿಯವರು ಅದೇ ಅಳತೆಯದನ್ನು ತೆಗೆದುಕೊಡುತ್ತಾರೆ. ಒಳಬಳೆ, ಹೊರಬಳೆ ಎರಡನ್ನೂ ಜೋಡಿಯಾಗಿಯೇ ಬದಲಿಸಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ: 2316 ಎಂದರೆ 2016ರ 23ನೇ ವಾರದ್ದು. ಟ್ರೇಲರ್ ಟಯರ್ ಸವೆದು ಹಾಳಾಗುವುದಿಲ್ಲ, ನಿಂತಲ್ಲೇ ಬಿಸಿಲಿಗೆ ಬಿರಿದು ಹಾಳಾಗುತ್ತದೆ. ಹಲ್ಲು ಹೊಸತರಂತಿದೆ ಎಂದು ನಂಬಬೇಡಿ. ಟ್ರೇಲರ್ ಸಿಕ್ಕಿಸಲು ಕಾರಿನ ಹಿಂದಿರುವ ಕೊಂಡಿಯ ಚೆಂಡು 50 ಮಿಲಿಮೀಟರಿನದೋ ಎರಡು ಇಂಚಿನದೋ ನೋಡಿ. ವ್ಯತ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ, ಆದರೂ ಒಂದರ ಬಟ್ಟಲಿಗೆ ಇನ್ನೊಂದು ಸರಿಹೊಂದುವುದಿಲ್ಲ. ಸುರಕ್ಷಾ ಸರಪಳಿ ಕಡ್ಡಾಯವಾಗಿ ಇರಲಿ.

ದೀಪಗಳನ್ನು ಚೌಕಟ್ಟಿಗೆ ಬೋಲ್ಟ್ ಮಾಡುವ ಬದಲು ಕಳಚಬಹುದಾದ ಹಲಗೆಯೊಂದಕ್ಕೆ ಕೂರಿಸಿ, ದೋಣಿಯ ಹಿಂಬದಿಗೆ ಕಟ್ಟಿ. ಚೌಕಟ್ಟನ್ನೇ ಅರ್ತ್ ಮಾಡಿದ ವಯರಿಂಗ್ ಕರಾವಳಿಯಲ್ಲಿ ಬಾಳುವುದಿಲ್ಲ, ಅರ್ತಿಗೆ ಬೇರೆಯೇ ತಂತಿ ಎಳೆಯಿರಿ. ಬ್ರೇಕ್ ದೀಪ, ಇಂಡಿಕೇಟರ್, ಕೆಂಪು ರಿಫ್ಲೆಕ್ಟರ್ ಜೊತೆಗೆ ನಂಬರ್ ಪ್ಲೇಟೂ ಅದೇ ಹಲಗೆಯ ಮೇಲೆ. ಅಲ್ಲಿ ಬರಬೇಕಾದ್ದು ಎಳೆಯುವ ಕಾರಿನ ಸಂಖ್ಯೆ. ಟ್ರೇಲರಿನ ಸಂಖ್ಯೆ ಎಳೆಯುವ ವಾಹನದ ಬದಿಯಲ್ಲಿ ಕಾಣಬೇಕು. 61ನೇ ಸೆಕ್ಷನ್ ಹೇಳುವುದು ಹೀಗೆ, ಅದಲುಬದಲು ಮಾಡಿಕೊಂಡವರೇ ಹೆಚ್ಚು.

ಹೊರಡುವ ಮುನ್ನ ಭಾರ ನೋಡಿ. ದೋಣಿ ಕಟ್ಟಿದ ಟ್ರೇಲರಿನ ಮೂತಿಯನ್ನು, ಕಾರಿಗೆ ಸಿಕ್ಕಿಸಿದಾಗಿನ ಎತ್ತರದಲ್ಲೇ, ಮನೆಯ ತೂಕದ ಯಂತ್ರದ ಮೇಲೆ ಒಂದು ಮರದ ತುಂಡಿಟ್ಟು ಕೂರಿಸಿ. ಒಟ್ಟು ತೂಕದ ಶೇ 7ರಿಂದ 10ರಷ್ಟು ಅಲ್ಲಿ ಬೀಳಬೇಕು. ಕಡಿಮೆಯಾದರೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಸ್ಸೊಂದು ಪಕ್ಕದಲ್ಲಿ ಹಾದಾಗ ಟ್ರೇಲರ್ ಬಾಲ ಅಲ್ಲಾಡಿಸಲು ತೊಡಗುತ್ತದೆ, ಹಾಗಾದಾಗ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಕಟ್ಟಲು ನೈಲಾನ್ ಹಗ್ಗ ಬೇಡ, ಒದ್ದೆಯಾದರೆ ಹಿಗ್ಗುತ್ತದೆ. ಪಾಲಿಯೆಸ್ಟರ್ ಪಟ್ಟಿ ಒಳ್ಳೆಯದು. ಘಟ್ಟ ಹತ್ತಬೇಕಾದರೆ ಶಿರಾಡಿಯಲ್ಲಿ ಹೋಗಿ, ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಟ್ರೇಲರ್ ಎಳೆಯುವುದು ಬೇಡದ ಉಸಾಬರಿ. ಬೇರಿಂಗ್ ಬದಲಿಸಿದ ಮೇಲಿನ ಮೊದಲ ಓಟ ಮಂಗಳೂರಿನಿಂದ ಉಡುಪಿಗಾದರೆ ಸುರತ್ಕಲ್ಲಿನಲ್ಲೇ ಒಮ್ಮೆ ನಿಲ್ಲಿಸಿ ಎರಡೂ ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ನಟ್ ಬಿಗಿ ಹೆಚ್ಚಾಗಿದೆ. ಹಬ್ ತಣಿಯಲು ಬಿಡಿ, ಚಕ್ರ ಎತ್ತಿ ನಟ್ಟನ್ನು ಸ್ವಲ್ಪ ಸಡಿಲಿಸಿ, ನಟ್ ತಿರುಗದಂತೆ ಹಿಡಿಯುವ ಕಾಟರ್ ಪಿನ್ ಹೊಸತು ಹಾಕಿ ಮುಂದೆ ಹೊರಡಿ.