ಎಳೆಯಬೇಕಿಲ್ಲದ ಬತ್ತಿ

ಜನವರಿಯ ಒಣಹವೆಗೆ ಬೆಂಗಳೂರಿನಲ್ಲಿ ಮೂಗಲ್ಲಿ ರಕ್ತ ಬಂತು ಅಂತ ಬರುವವರು ಜಾಸ್ತಿ. ಮೊನ್ನೆ ಯಶವಂತಪುರದಿಂದ ಒಬ್ಬ ಹಿರಿಯರನ್ನು ಮಗಳು ಕರೆತಂದರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದಾರೆ. ಮನೆಯಲ್ಲಿ ತಲೆ ಹಿಂದಕ್ಕೆ ವಾಲಿಸಿ ಮಲಗಿಸಿದ್ದರು. ರಕ್ತ ಗಂಟಲಿಗಿಳಿದು ವಾಂತಿಯಾಗಿತ್ತು. ಹಾಗೆ ಮಲಗಿಸಲೇಬಾರದು. ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು 10–15 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಮಧ್ಯೆ ಮಧ್ಯೆ ಬಿಟ್ಟು ನೋಡಬೇಡಿ.

"ಡಾಕ್ಟ್ರೇ, ಬತ್ತಿ ಮಾತ್ರ ತುರುಕಬೇಡಿ" ಅಂದರು ಹಿರಿಯರು. ಹಿಂದೊಮ್ಮೆ ಎಲ್ಲೋ ಇಟ್ಟಿದ್ದ ಗಾಜ್ ಬಟ್ಟೆಯ ಪಟ್ಟಿಯನ್ನು ಎಳೆದಾಗ ಮತ್ತೆ ರಕ್ತ ಹರಿದಿತ್ತಂತೆ. ಆ ಭಯ ಸುಳ್ಳಲ್ಲ. ಪಟ್ಟಿ ಗಾಯಕ್ಕೆ ಅಂಟಿರುತ್ತದೆ, ಕಿತ್ತರೆ ಹೆಪ್ಪೂ ಜೊತೆಗೇ ಬರುತ್ತದೆ. ಅದಕ್ಕೇ ಇಂಥವರಿಗೆ ನಾನು ತಾನಾಗಿ ಕರಗುವ ವಸ್ತುವನ್ನೇ ಇಡುವುದು. ಆದರೆ ಮೊದಲು ಬೆಳಕು ಬಿಟ್ಟು, ರಕ್ತ ಎಲ್ಲಿಂದ ಬರುತ್ತಿದೆ ಅಂತ ಹುಡುಕುತ್ತೇನೆ. ಹೆಚ್ಚಿನವರಲ್ಲಿ ಅದು ಮೂಗಿನ ನಡುಗೋಡೆಯ ಮುಂಭಾಗ. ಜಾಗ ನೋಡದೆ ಸುಮ್ನೆ ತುರುಕಿದರೆ ಎಷ್ಟು ದುಬಾರಿ ವಸ್ತುವಾದರೂ ಅಷ್ಟೇ.

ನಮ್ಮ ಕೈಗೆ ಹೆಚ್ಚು ಸಿಗುವವು ಎರಡು. ಒಂದು ಜೆಲಾಟಿನ್ ಸ್ಪಂಜು, ಜೆಲ್‌ಫೋಮ್ ಅಂತೀವಲ್ಲ, ಅದು. ರಕ್ತ ಹೀರಿ ಉಬ್ಬಿ, ಹೆಪ್ಪು ಕಟ್ಟಲು ಆಸರೆ ಕೊಡುತ್ತದೆ. ಮೂಗಿನೊಳಗೆ 2–5 ದಿನದಲ್ಲಿ ನೀರಾಗುತ್ತದೆ. ಇನ್ನೊಂದು ಸರ್ಜಿಸೆಲ್, ಸಸ್ಯದ ನಾರಿನಿಂದ ಮಾಡಿದ ಬಟ್ಟೆಯಂಥದ್ದು. ಅದರಲ್ಲಿ ಆಮ್ಲದ ಗುಣ ಇರುವುದರಿಂದ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಅನ್ನೋ ಔಷಧಿಯಲ್ಲಿ ನೆನೆಸಿ ಇಟ್ಟರೆ ಥ್ರಾಂಬಿನ್ನೇ ಕೆಲಸ ಮಾಡುವುದಿಲ್ಲ. ರಕ್ತ ತಾಗಿದರೆ ಕಪ್ಪು ಲೋಳೆಯಾಗುತ್ತದೆ. ಮನೆಯಲ್ಲಿ ಮೂಗಿಂದ ಆ ಕಪ್ಪು ಚೂರು ಬಂದರೆ ಹೆದರಬೇಡಿ.

ಜೆಲ್‌ಫೋಮ್ ಹಂದಿಯ ಚರ್ಮದ ಜೆಲಾಟಿನ್‌ನಿಂದ ಆಗುವಂಥದ್ದು. ಇದನ್ನು ಮುಂಚೆಯೇ ಹೇಳಬೇಕು ಅನ್ನುವುದು ನನ್ನ ಹಟ. ಬೇಡ ಅಂದರೆ ಸಸ್ಯಮೂಲದ್ದು ಇದ್ದೇ ಇದೆ, ಅಲ್ವಾ?

ಕಿವಿಯ ತಮಟೆಗೆ ತೇಪೆ ಹಾಕುವಾಗಲೂ ಜೆಲ್‌ಫೋಮ್ ಚೂರುಗಳೇ ಆಸರೆ. ಸರ್ಜಿಸೆಲ್ ಊದಿಕೊಳ್ಳುತ್ತದೆ. ಮೂಳೆಯೊಳಗೆ ನರದ ಪಕ್ಕ ಅದನ್ನು ಬಿಡುವುದು ಅಪಾಯ. ಗಂಟಲಲ್ಲಂತೂ ಸಡಿಲ ಚೂರು ಜಾರಿ ಶ್ವಾಸನಾಳಕ್ಕೆ ಹೋಗಬಹುದು. ಟಾನ್ಸಿಲ್ ಆಪರೇಷನ್ ಆಗಿ 5–10 ದಿನದಲ್ಲಿ ರಕ್ತ ಕಂಡರೆ ಮನೆಮದ್ದು ಬೇಡ, ನೇರ ಆಸ್ಪತ್ರೆಗೆ ಬನ್ನಿ.

ಹಿರಿಯರಿಗೆ ಸರ್ಜಿಸೆಲ್ ಇಟ್ಟೆ, ರಕ್ತ ನಿಂತಿತು. "ಹಾರ್ಟ್ ಮಾತ್ರೆ ನಿಲ್ಲಿಸಿಬಿಡೋಣ್ವಾ?" ಅಂತ ಕೇಳಿದರು ಮಗಳು. "ಬೇಡಮ್ಮ" ಅಂದೆ. ಸ್ಟೆಂಟ್ ಹಾಕಿದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ.