ಎನ್‌ಪಿಆರ್ ತನ್ನ ಮುಖ್ಯ ಕಾರ್ಯಕ್ರಮಗಳನ್ನೇ ಸ್ಯಾಟಲೈಟ್ ರೇಡಿಯೊಗೆ ಕೊಡಲಿಲ್ಲ ಯಾಕೆ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಸ್ಯಾಟಲೈಟ್ ರೇಡಿಯೊ (ಉಪಗ್ರಹದಿಂದ ನೇರವಾಗಿ ಕೇಳುಗರ ರೇಡಿಯೊಗೆ ಇಳಿಯುವ, ತಿಂಗಳ ಶುಲ್ಕದ ಸೇವೆ) ಶುರುವಾದಾಗ ಅಲ್ಲಿನ ಸಾರ್ವಜನಿಕ ರೇಡಿಯೊ ಸಂಸ್ಥೆ ಎನ್‌ಪಿಆರ್ ಕೂಡ ಅದರಲ್ಲಿ ಚಾನೆಲ್ ತೆರೆಯಿತಂತೆ. ಆದರೆ ಜನ ಮುಗಿಬಿದ್ದು ಕೇಳುವ ಬೆಳಗಿನ ಸುದ್ದಿ ಕಾರ್ಯಕ್ರಮ ‘ಮಾರ್ನಿಂಗ್ ಎಡಿಷನ್’, ಸಂಜೆಯ ‘ಆಲ್ ಥಿಂಗ್ಸ್ ಕನ್ಸಿಡರ್ಡ್’ ಎರಡನ್ನೂ ಅದಕ್ಕೆ ಕೊಡಲಿಲ್ಲವಂತೆ. ದೇಶದ ಮೂಲೆಮೂಲೆಗೂ ತಲುಪುವ ಅವಕಾಶ ಸಿಕ್ಕಾಗ ಒಳ್ಳೆಯ ಮಾಲನ್ನೇ ಒಳಗಿಟ್ಟುಕೊಂಡಿದ್ದು ಯಾಕೆ?

ಕೊಟ್ಟಿದ್ದರೆ ಎನ್‌ಪಿಆರ್‌ಗೆ ದುಡ್ಡು ಕೊಡುವವರೇ ತಿರುಗಿಬೀಳುತ್ತಿದ್ದರು. ಆ ದುಡ್ಡಿನ ದೊಡ್ಡ ಪಾಲು ಬರುವುದು ಊರೂರಿನ ನಿಲಯಗಳಿಂದ. ಮಾಲು ತಯಾರಿಸುವ ಕಂಪನಿಯೇ ಗಿರಾಕಿಯ ಮನೆ ಬಾಗಿಲಿಗೆ ಹೋಗಿ ಮಾರತೊಡಗಿದರೆ ಬೀದಿಯ ಅಂಗಡಿಯವನು ಸುಮ್ಮನಿರುತ್ತಾನೆಯೇ?

ರೇಡಿಯೊ ಎಂದರೆ ಆಕಾಶವಾಣಿ ಎಂದು ಬೆಳೆದ ನಮಗೆ ಇದು ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಧಾರವಾಡ, ಮೈಸೂರು, ಮಂಗಳೂರು, ಯಾವ ನಿಲಯವಾದರೂ ಒಂದೇ ಸಂಸ್ಥೆಯ ಶಾಖೆ. ದೆಹಲಿಯ ವಾರ್ತೆಯನ್ನು ಧಾರವಾಡ ನಿಲಯ ಕಾಸು ಕೊಟ್ಟು ಕೊಳ್ಳುವುದಿಲ್ಲ. ಅಮೆರಿಕದಲ್ಲಿ ಲೆಕ್ಕ ಉಲ್ಟಾ. 1967ರ ಸಾರ್ವಜನಿಕ ಪ್ರಸಾರ ಕಾಯ್ದೆಯ ಬೆನ್ನಿಗೇ 1970ರಲ್ಲಿ ಎನ್‌ಪಿಆರ್ ಹುಟ್ಟುವ ಹೊತ್ತಿಗೆ ನಿಲಯಗಳು ಆಗಲೇ ಇದ್ದವು. ಎಷ್ಟೋ ನಿಲಯಗಳು ವಿಶ್ವವಿದ್ಯಾಲಯಗಳಿಗೆ ಸೇರಿದ್ದವು. ಅವೇ ಇದರ ಸದಸ್ಯರಾದವು. ಇವತ್ತಿಗೂ ಎನ್‌ಪಿಆರ್‌ಗೆ ಸ್ವಂತದ್ದು ಅನ್ನುವ ಒಂದು ನಿಲಯವೂ ಇಲ್ಲ. ಅದು ಕಾರ್ಯಕ್ರಮ ಮಾಡುತ್ತದೆ, ನಿಲಯಗಳು ಶುಲ್ಕ ಕಟ್ಟಿ ಪ್ರಸಾರ ಮಾಡುತ್ತವೆ. ಆ ಶುಲ್ಕದಲ್ಲಿ ಭಾರವಾದದ್ದು ನೀವು ಕೇಳಿದ ಎರಡು ಕಾರ್ಯಕ್ರಮಗಳದ್ದೇ. ಇದಕ್ಕೆಲ್ಲ ಮಿಗಿಲಾಗಿ, ಎನ್‌ಪಿಆರ್ ಆಡಳಿತ ಮಂಡಳಿಯಲ್ಲಿ ಬಹುಮತವೂ ನಿಲಯಗಳ ಮ್ಯಾನೇಜರ್‌ಗಳದ್ದೇ. ಅಂಥ ಮಂಡಳಿ ಏನು ತೀರ್ಮಾನ ಮಾಡೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಿಲಯಗಳಿಗೆ ದುಡ್ಡು ಎಲ್ಲಿಂದ? 2025ರವರೆಗೆ ಕೇಂದ್ರ ಸರ್ಕಾರದ ನೆರವು ಒಂದಿಷ್ಟು, ಸ್ಥಳೀಯ ಪ್ರಾಯೋಜಕರು ಒಂದಿಷ್ಟು, ಮಿಕ್ಕಿದ್ದರಲ್ಲಿ ಹೆಚ್ಚಿನದು ಕೇಳುಗರು ತಾವಾಗಿ ಕೊಡುವ ಚಂದಾ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಚಂದಾ ಎತ್ತುವ ವಾರಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಸುದ್ದಿ ಅರ್ಧಕ್ಕೆ ನಿಲ್ಲುತ್ತದೆ. ನಿಲಯದ ಇಬ್ಬರು ಮೈಕಿನ ಮುಂದೆ ಕೂತು ಫೋನ್ ನಂಬರನ್ನು ಮತ್ತೆ ಮತ್ತೆ ಹೇಳುತ್ತಾರೆ, ಇಷ್ಟು ಕೊಟ್ಟರೆ ಕಾಫಿ ಮಗ್, ಅಷ್ಟು ಕೊಟ್ಟರೆ ಬಟ್ಟೆಯ ಚೀಲ ಎನ್ನುತ್ತಾರೆ. ಕೇಳುಗರಿಗೆ ಕಿರಿಕಿರಿ, ಆದರೂ ಕೊಡುತ್ತಾರೆ. ಈ ಬೇಡಿಕೆಗೆ ಆರಿಸಿಕೊಳ್ಳುವ ಹೊತ್ತು ಯಾವುದು? ‘ಮಾರ್ನಿಂಗ್ ಎಡಿಷನ್’ ನಡುವೆ, ಕೇಳುಗರು ತುಂಬಿರುವ ಹೊತ್ತು. ಅದೇ ಕಾರ್ಯಕ್ರಮ ಚಂದಾ ಗೋಳಿಲ್ಲದೆ ಆಕಾಶದಿಂದ ಇಳಿಯುವಂತಾದರೆ ಮಗ್ ಯಾರಿಗೆ ಬೇಕು?

ಇನ್ನೊಂದು ವಿಷಯವಿದೆ. ‘ಮಾರ್ನಿಂಗ್ ಎಡಿಷನ್’ ಇಡಿಯಾಗಿ ಎನ್‌ಪಿಆರ್‌ನಲ್ಲೇ ತಯಾರಾಗುವುದಿಲ್ಲ. ಅದರ ಪ್ರತಿ ಗಂಟೆಯಲ್ಲೂ ನಿಲಯಗಳಿಗಾಗಿ ಬಿಡುವುಗಳನ್ನು ನಿಮಿಷ, ಸೆಕೆಂಡಿನ ಲೆಕ್ಕದಲ್ಲಿ ಮೊದಲೇ ಗೊತ್ತುಮಾಡಿರುತ್ತಾರೆ. ಆ ಬಿಡುವಿನಲ್ಲಿ ಊರಿನ ಸುದ್ದಿ, ಹವಾಮಾನ, ಯಾವ ರಸ್ತೆಯಲ್ಲಿ ಅಪಘಾತವಾಗಿದೆ ಎಂಬ ಮಾಹಿತಿ, ಸ್ಥಳೀಯ ಪ್ರಾಯೋಜಕರ ಹೆಸರು ಬರುತ್ತವೆ. ಕೇಳುವವರಿಗೆ ಎರಡೂ ಒಂದೇ ಕಾರ್ಯಕ್ರಮ. ಸ್ಯಾಟಲೈಟ್ ರೇಡಿಯೊದಲ್ಲಿ ಈ ಬೆಸುಗೆ ಸಾಧ್ಯವಿಲ್ಲ, ಯಾಕೆಂದರೆ ಬೋಸ್ಟನ್ನಿನಲ್ಲಿ ಕೇಳಿಸಿದ್ದೇ ಟೆಕ್ಸಾಸಿನಲ್ಲೂ ಕೇಳಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ತಪ್ಪದಿರಲೆಂದು ನಗರಗಳಲ್ಲಿ ಅದೇ ಸಿಗ್ನಲನ್ನು ನೆಲದಿಂದ ಮತ್ತೆ ಬಿತ್ತರಿಸುವ ರಿಪೀಟರ್‌ಗಳನ್ನು ಕೂರಿಸಿದ್ದರು ನಿಜ, ಆದರೆ ಅವುಗಳಿಂದ ಬೇರೆಯಾಗಿ ಸ್ಥಳೀಯ ಕಾರ್ಯಕ್ರಮ ಬಿಡುವಂತಿಲ್ಲ ಎಂಬುದು ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಷರತ್ತು. ಹಾಗಾಗಿ 2004ರಲ್ಲಿ ಟ್ರಾಫಿಕ್ ಮತ್ತು ಹವಾಮಾನದ ಚಾನೆಲ್‌ಗಳು ಬಂದಾಗ ಒಂದು ನಗರದ ಟ್ರಾಫಿಕ್ ಜಾಮ್ ಇಡೀ ದೇಶಕ್ಕೆ ಪ್ರಸಾರವಾಗುತ್ತಿತ್ತು!

ತಮಾಷೆಯೆಂದರೆ ಈ ಕಾರ್ಯಕ್ರಮಗಳಿಗೆ ಉಪಗ್ರಹ ಹೊಸದೇನೂ ಅಲ್ಲ. 1980ರ ಹೊತ್ತಿಗೇ ಎನ್‌ಪಿಆರ್ ಟೆಲಿಫೋನ್ ತಂತಿಗಳನ್ನು ಬಿಟ್ಟು ಉಪಗ್ರಹದ ಮೂಲಕ ನಿಲಯಗಳಿಗೆ ಕಾರ್ಯಕ್ರಮ ಕಳಿಸತೊಡಗಿತ್ತು. ಆ ಸಿಗ್ನಲ್ ಇಳಿಯುತ್ತಿದ್ದುದು ನಿಲಯದ ಡಿಷ್‌ಗೆ. ಅದು ನೇರವಾಗಿ ಕಾರಿನ ಚಾವಣಿಯ ಆಂಟೆನಾಗೆ ಇಳಿಯುವ ಮಾತು ಬಂದಾಗ ತಕರಾರು ಎದ್ದಿತು.

ಎಕ್ಸ್‌ಎಂ ಕಂಪನಿ 2001ರ ಸೆಪ್ಟೆಂಬರ್‌ನಲ್ಲಿ, ಸಿರಿಯಸ್ 2002ರಲ್ಲಿ ಸೇವೆ ಶುರುಮಾಡಿದವು. ತಿಂಗಳಿಗೆ ಎಕ್ಸ್‌ಎಂಗೆ ಸುಮಾರು 10 ಡಾಲರ್, ಸಿರಿಯಸ್‌ಗೆ 13. ಎನ್‌ಪಿಆರ್ ಸಿರಿಯಸ್ ಜೊತೆ ಹೋಗಿ ‘ಎನ್‌ಪಿಆರ್ ನೌ’, ‘ಎನ್‌ಪಿಆರ್ ಟಾಕ್’ ಎಂಬ ಎರಡು ಚಾನೆಲ್ ನಡೆಸಿತು. ವಾಷಿಂಗ್ಟನ್ನಿನ ಡಯಾನ್ ರೀಮ್ ನಡೆಸುತ್ತಿದ್ದ ಮಾತುಕತೆ, ‘ವೇಟ್ ವೇಟ್’ ರಸಪ್ರಶ್ನೆಯಂಥವು ಅಲ್ಲಿ ಸಿಗುತ್ತಿದ್ದವು. ಬೆಳಗಿನ, ಸಂಜೆಯ ಸುದ್ದಿ ಕಾರ್ಯಕ್ರಮ ಮಾತ್ರ ಇಲ್ಲ.

ಆ ಖಾಲಿ ಜಾಗಕ್ಕೆ ಎದುರಾಳಿ ಕಂಪನಿ ಕೈ ಹಾಕಿತು, ಅದೂ ಎನ್‌ಪಿಆರ್ ಬೆಳೆಸಿದ ದನಿಯನ್ನೇ ಇಟ್ಟುಕೊಂಡು. 1979ರಿಂದ ‘ಮಾರ್ನಿಂಗ್ ಎಡಿಷನ್’ ನಡೆಸುತ್ತಿದ್ದವರು ಬಾಬ್ ಎಡ್ವರ್ಡ್ಸ್. 2004ರ ಏಪ್ರಿಲ್ ಕೊನೆಗೆ, 25 ವರ್ಷ ತುಂಬಲು ಇನ್ನಾರು ತಿಂಗಳಿರುವಾಗ, ಎನ್‌ಪಿಆರ್ ಅವರನ್ನು ಆ ಕುರ್ಚಿಯಿಂದ ಎಬ್ಬಿಸಿತು. ಕೇಳುಗರು ಸಿಟ್ಟಾಗಿ ಸಾವಿರಗಟ್ಟಲೆ ಪತ್ರ ಬರೆದರು. ಅದೇ ಸೆಪ್ಟೆಂಬರ್‌ನಲ್ಲಿ ಎಕ್ಸ್‌ಎಂ ‘ಎಕ್ಸ್‌ಎಂ ಪಬ್ಲಿಕ್ ರೇಡಿಯೊ’ ಚಾನೆಲ್ ತೆರೆಯಿತು. ಎನ್‌ಪಿಆರ್‌ನಂತೆಯೇ ನಿಲಯಗಳಿಗೆ ಕಾರ್ಯಕ್ರಮ ಕೊಡುತ್ತಿದ್ದ ಪಬ್ಲಿಕ್ ರೇಡಿಯೊ ಇಂಟರ್‌ನ್ಯಾಷನಲ್, ಅಮೆರಿಕನ್ ಪಬ್ಲಿಕ್ ಮೀಡಿಯಾ ಸಂಸ್ಥೆಗಳು, ಬೋಸ್ಟನ್ನಿನ ಡಬ್ಲ್ಯುಬಿಯುಆರ್ ನಿಲಯ ಕಾರ್ಯಕ್ರಮ ಒದಗಿಸಿದವು. ಅಕ್ಟೋಬರ್‌ನಿಂದ ಬೆಳಿಗ್ಗೆ ಒಂದು ಗಂಟೆ ‘ದ ಬಾಬ್ ಎಡ್ವರ್ಡ್ಸ್ ಶೋ’ ಶುರುವಾಯಿತು. ಸಾರ್ವಜನಿಕ ರೇಡಿಯೊದ ಕಾರ್ಯಕ್ರಮ ಉಪಗ್ರಹಕ್ಕೆ ಏರಿದ್ದಕ್ಕಿಂತ ಅದರ ಮನುಷ್ಯ ಏರಿದ್ದೇ ದೊಡ್ಡ ಸುದ್ದಿಯಾಯಿತು ಎಂದು ನನ್ನ ಎಣಿಕೆ. ಕತೆ ಅಲ್ಲಿಗೇ ನಿಲ್ಲಲಿಲ್ಲ. 2006ರಲ್ಲಿ ಆ ಶೋದ ಸಂದರ್ಶನಗಳನ್ನು ಸೇರಿಸಿ ‘ಬಾಬ್ ಎಡ್ವರ್ಡ್ಸ್ ವೀಕೆಂಡ್’ ಮಾಡಿ ಸಾರ್ವಜನಿಕ ನಿಲಯಗಳಿಗೆ ಕೊಟ್ಟರು. ಸ್ಯಾಟಲೈಟ್ ಎಂದರೆ ಉರಿದುಬೀಳುತ್ತಿದ್ದ ವಲಯದಲ್ಲೇ ಅದನ್ನು ಪ್ರಸಾರ ಮಾಡುವ ನಿಲಯಗಳು ಸಿಕ್ಕವು. ಎರಡು ಕಂಪನಿಗಳು 2008ರ ಜುಲೈನಲ್ಲಿ ಒಂದಾದ ಮೇಲೂ ಶೋ ನಡೆದು, 2014ರಲ್ಲಿ ನಿಂತಿತು.

ನಮ್ಮ ಬೆಂಗಳೂರಿನಲ್ಲೂ ಸ್ಯಾಟಲೈಟ್ ರೇಡಿಯೊ ಇತ್ತಲ್ಲ ಎಂದು ಕೆಲವರಿಗೆ ನೆನಪಾಗಬಹುದು. ವರ್ಲ್ಡ್‌ಸ್ಪೇಸ್‌ನ ಭಾರತದ ವ್ಯವಹಾರಕ್ಕೆ ಬೆಂಗಳೂರೇ ಕೇಂದ್ರ. ಕನ್ನಡಕ್ಕೆ ‘ಸ್ಪರ್ಶ’, ಕರ್ನಾಟಕ ಸಂಗೀತಕ್ಕೆ ‘ಶ್ರುತಿ’ ಚಾನೆಲ್‌ಗಳಿದ್ದವು. ಕಿಟಕಿಯ ಪಕ್ಕ ಆಂಟೆನಾ ಇಟ್ಟು ಆಕಾಶದತ್ತ ತಿರುಗಿಸಿ ಕೂರಬೇಕಿತ್ತು. ಅದರ ಪಟ್ಟಿಯಲ್ಲಿ ಎನ್‌ಪಿಆರ್ ಚಾನೆಲ್ ಕೂಡ ಇತ್ತು. ಇಲ್ಲಿ ಚಂದಾ ಎತ್ತುವ ಸದಸ್ಯ ನಿಲಯಗಳೇ ಇಲ್ಲದ ಮೇಲೆ ತಕರಾರು ತೆಗೆಯುವವರಾದರೂ ಯಾರು? ಕಂಪನಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು, 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ಮುಚ್ಚಿತು.

ಹಾಗಾದರೆ ಅಮೆರಿಕದ ನಿಲಯಗಳು ಹಟ ಹಿಡಿದದ್ದು ಸರಿಯೇ? ದುಡ್ಡಿನ ಲೆಕ್ಕದಲ್ಲಿ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಅವರು ಸ್ಯಾಟಲೈಟ್ ಬಾಗಿಲು ಕಾಯುತ್ತಿದ್ದಾಗ ಕೇಳುಗರು ಮೊಬೈಲ್ ಬಾಗಿಲಿನಿಂದ ಆಚೆ ಹೊರಟರು. ಅಲ್ಲೂ ಅದೇ ಜಗಳ ಮರುಕಳಿಸಿತು: 2016ರಲ್ಲಿ ಎನ್‌ಪಿಆರ್ ತನ್ನ ನಿರೂಪಕರಿಗೆ, ಪಾಡ್‌ಕಾಸ್ಟ್ ಹೆಸರು ಹೇಳಬಹುದು, ಆದರೆ ಅದನ್ನು ಡೌನ್‌ಲೋಡ್ ಮಾಡಿಕೊಳ್ಳಿ ಎಂದು ರೇಡಿಯೊದಲ್ಲಿ ಕರೆಕೊಡಬಾರದು ಎಂದು ಸೂಚನೆ ಹೊರಡಿಸಿತು. ಮರುವರ್ಷ ‘ಅಪ್ ಫಸ್ಟ್’ ಬಂತು. ‘ಮಾರ್ನಿಂಗ್ ಎಡಿಷನ್’ ತಂಡದಿಂದಲೇ ಬರುವ, ಹತ್ತು ನಿಮಿಷದ ಆಸುಪಾಸಿನ ಬೆಳಗಿನ ಸುದ್ದಿ ಪಾಡ್‌ಕಾಸ್ಟ್ ಅದು. ತಿಂಗಳ ಶುಲ್ಕವೂ ಇಲ್ಲ, ನಿಲಯದ ಹಂಗೂ ಇಲ್ಲ. ಇನ್ನು 2025ರ ಜುಲೈನಲ್ಲಿ ಸಾರ್ವಜನಿಕ ಪ್ರಸಾರಕ್ಕೆಂದು ಮೀಸಲಿಟ್ಟಿದ್ದ 110 ಕೋಟಿ ಡಾಲರ್ ನೆರವನ್ನು ಅಮೆರಿಕದ ಸಂಸತ್ತು ಹಿಂಪಡೆದ ಮೇಲೆ ಸಣ್ಣ ನಿಲಯಗಳು ಕೇಳುಗರ ಚಂದಾವನ್ನೇ ಇನ್ನಷ್ಟು ನೆಚ್ಚಿಕೊಳ್ಳಬೇಕಾಗಿದೆ.